ಡಾ. ಲೂಸಿ ವಿಲ್ಸ್: ಬಸುರಿಯ ಊಟ ಕೇಳಿದ ವೈದ್ಯೆ

ನಮ್ಮ ಸಂಘದ ಸಂಸ್ಥಾಪನಾ ದಿನದ ಸ್ಮರಣ ಸಂಚಿಕೆಗೆ ಆರೋಗ್ಯದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದರು. ವೈದ್ಯರಾದ ನಾವು ಇಂಥ ಸಂಚಿಕೆಗಳಿಗೆ ಬರೆಯುವುದು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತಗಳ ಮೇಲೆ. ಅವೆಲ್ಲ ಬೇಕಾದವುಗಳೇ. ಆದರೆ ಈ ಸಲ ನಾವು ಒಬ್ಬ ವೈದ್ಯೆಯ ಜೀವನವನ್ನು ಓದುಗರ ಮುಂದಿಡಬೇಕೆಂದುಕೊಂಡಿದ್ದೇವೆ. ಆಕೆ ಮದುವೆಯಾಗಲಿಲ್ಲ, ಮಕ್ಕಳನ್ನು ಹೆರಲಿಲ್ಲ. ಆದರೂ ಇಂದು ಪ್ರಪಂಚದ ಯಾವ ಮೂಲೆಯಲ್ಲೇ ಆಗಲಿ, ಗರ್ಭಿಣಿಯೊಬ್ಬಳು ದಿನಕ್ಕೊಂದು ಫೋಲಿಕ್ ಆಮ್ಲದ ಮಾತ್ರೆ ನುಂಗುತ್ತಿದ್ದರೆ ಅದರ ಹಿಂದೆ ಆಕೆಯ ಶ್ರಮವಿದೆ. ಆಕೆಯ ಮುಖ್ಯ ಕೆಲಸ ನಡೆದದ್ದು ನಮ್ಮ ಮುಂಬಯಿಯಲ್ಲಿ. ಹಾಗೆಯೇ, ನಾವೆಲ್ಲ ಅನ್ನ ಹುಡುಕಿಕೊಂಡು ಬಂದ ಈ ಬಹ್ರೈನಿನ ಮೂಲಕವೂ ಆಕೆ ಒಮ್ಮೆ ಹಾದುಹೋದವರು. ಆಕೆಯೇ ಡಾ. ಲೂಸಿ ವಿಲ್ಸ್.

ನಾವು ಎಂ.ಬಿ.ಬಿ.ಎಸ್. ಓದುವಾಗ ಪಠ್ಯಪುಸ್ತಕದಲ್ಲಿ ಈ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದುಹೋಗಿತ್ತು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವೆಂದು ಮುಂದಿನ ಪುಟ ತಿರುವಿದ್ದೆವು. ಆ ಒಂದು ಸಾಲಿನ ಬೆಲೆ ಎಷ್ಟೆಂಬುದು ನಮಗೆ ತಿಳಿದದ್ದು ತಡವಾಗಿ, ಅದೂ ಒಬ್ಬ ತಾಯಿಯ ಕಣ್ಣೀರಿನ ಮೂಲಕ. ಆ ವಿಷಯ ಮುಂದೆ ಹೇಳುತ್ತೇವೆ.

ಓದಿನ ಹಾದಿ

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್ ಎಂಬಲ್ಲಿ. ಅನುಕೂಲಸ್ಥ ಮನೆತನ. ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿ, ಕೇಂಬ್ರಿಡ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಕಲಿತು 1911ರಲ್ಲಿ ಪರೀಕ್ಷೆ ಮುಗಿಸಿದರು. ಆ ಕಾಲದ ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿತ್ತು, ಪರೀಕ್ಷೆಗೂ ಕೂರಿಸುತ್ತಿತ್ತು, ಆದರೆ ಪೂರ್ಣ ಪದವಿ ಮಾತ್ರ ಕೊಡುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1948ರಲ್ಲಿ.

1911ರಲ್ಲೇ ತಂದೆ ತೀರಿಕೊಂಡರು, 1913ರಲ್ಲಿ ಅಕ್ಕನೂ ಹೋದರು. ಮನೆಯಲ್ಲಿ ಎರಡು ಸಾವುಗಳಾದ ಮೇಲೆ ತಾಯಿಯೊಡನೆ ಸಿಂಹಳಕ್ಕೆ ಹೋಗಿಬಂದರು. 1914ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಮೊದಲ ಮಹಾಯುದ್ಧ ಸಿಡಿಯಿತು. ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ದಾದಿಯ ಕೆಲಸ ಮಾಡಿದರು. ಊರಿಗೆ ಮರಳಿದವರೇ 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ವೈದ್ಯೆಯಾದದ್ದು 1920ರಲ್ಲಿ, 32ನೆಯ ವಯಸ್ಸಿನಲ್ಲಿ. ಬಳಿಕ ಖಾಸಗಿ ಪ್ರಾಕ್ಟೀಸಿನ ಗೊಡವೆಗೆ ಹೋಗದೆ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಗರ್ಭಿಣಿಯರ ಚಯಾಪಚಯದ ಅಧ್ಯಯನಕ್ಕೆ ಕುಳಿತರು.

ಪರೇಲಿನ ಹೆಂಗಸರು

ಅದೇ ಹೊತ್ತಿಗೆ ಮುಂಬಯಿಯಲ್ಲಿ ಒಂದು ವಿಚಿತ್ರ ಕಾಯಿಲೆ ಬಡ ಗರ್ಭಿಣಿಯರನ್ನು ಕಾಡುತ್ತಿತ್ತು. ಬಟ್ಟೆಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಸುರಿನ ಕೊನೆಯ ತಿಂಗಳುಗಳಲ್ಲಿ ಬಿಳಿಚಿಕೊಂಡು, ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದರು. ಎಷ್ಟೋ ಜನ ಹೆರಿಗೆಯ ಆಸುಪಾಸಿನಲ್ಲೇ ಸಾಯುತ್ತಿದ್ದರು. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂಬ ನಮ್ಮ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು. ಭಾರತದಲ್ಲಿ ಬಹುಕಾಲ ಸೇವೆ ಸಲ್ಲಿಸಿದ್ದ ಡಾ. ಮಾರ್ಗರೆಟ್ ಬಾಲ್ಫರ್ ಅವರ ಕರೆಯ ಮೇರೆಗೆ, ತಾಯಂದಿರ ಮರಣದ ಕಾರಣ ಹುಡುಕುವ ವಿಚಾರಣೆಯ ಅಂಗವಾಗಿ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದಿಳಿದರು. ಕೆಲಸದ ಜಾಗ ಪರೇಲಿನ ಹಾಫ್‌ಕಿನ್ ಸಂಸ್ಥೆ. ಗಿರಣಿಗಳೂ ಚಾಳುಗಳೂ ಸುತ್ತಮುತ್ತಲೇ ಇದ್ದವು.

ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಸಂಖ್ಯೆಯಲ್ಲಿ ಬಹಳ ಕಡಿಮೆ, ಆದರೆ ಒಂದೊಂದೂ ಇರಬೇಕಾದ್ದಕ್ಕಿಂತ ದೊಡ್ಡದು. ಕಬ್ಬಿಣ ಕಡಿಮೆಯಾದರೆ ಕಣಗಳು ಸಣ್ಣವಾಗುತ್ತವೆ, ಇಲ್ಲಿ ತದ್ವಿರುದ್ಧ. ಯಾವುದೋ ರೋಗಾಣುವಿನ ಕೆಲಸವಿರಬಹುದೆಂದು ಮೊದಲು ಪರೀಕ್ಷೆಗಳಾದವು. ಅಂಥ ರೋಗಾಣು ಸಿಗಲಿಲ್ಲ.

ಆಗ ಲೂಸಿ ವಿಲ್ಸ್ ಬಹಳ ಸರಳವಾದ ಕೆಲಸವೊಂದನ್ನು ಮಾಡಿದರು. ಈ ಹೆಂಗಸರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಯಾವ ಮನೆಯಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ವಿಚಾರಿಸಿ ಬರೆದಿಟ್ಟರು. ಈ ಕೆಲಸದಲ್ಲಿ ಎಸ್. ಎನ್. ತಳಪದೆ, ರಕ್ತದ ಅಧ್ಯಯನದಲ್ಲಿ ಎಂ. ಎಂ. ಮೆಹ್ತಾ ಅವರ ಜೊತೆಗಾರರು. 1930ರಲ್ಲಿ ಇವರ ಹೆಸರುಗಳೊಂದಿಗೇ ವರದಿಗಳು ಪ್ರಕಟವಾದವು. ಕಾಯಿಲೆ ಬಿದ್ದವರ ಊಟದಲ್ಲಿ ಹಣ್ಣು, ತರಕಾರಿ, ಸೊಪ್ಪು, ಹಾಲು, ಮಾಂಸ ಯಾವುದೂ ಸಾಕಷ್ಟಿರಲಿಲ್ಲ. ಹೊಟ್ಟೆ ತುಂಬಿಸುತ್ತಿದ್ದದ್ದು ಬರೀ ಧಾನ್ಯ.

ಕಪ್ಪು ಲೇಹದ ಗುಟ್ಟು

ಊಟದಲ್ಲಿ ಕೊರತೆ ಇದೆ ಎಂದು ಗೊತ್ತಾಯಿತು. ಆದರೆ ಯಾವ ವಸ್ತುವಿನ ಕೊರತೆ? 1929ರ ಬೇಸಿಗೆಯಿಂದ ಕೆಲವು ತಿಂಗಳು ಅವರು ನೀಲಗಿರಿಯ ಕೂನೂರಿಗೆ ಹೋದರು. ನಮ್ಮ ಗುಂಡ್ಲುಪೇಟೆಯ ಆಚೆ ಘಟ್ಟ ಹತ್ತಿದರೆ ಸಿಗುವ ಊರದು. ಅಲ್ಲಿನ ಪಾಸ್ತರ್ ಸಂಸ್ಥೆಯಲ್ಲಿ ಬಿಳಿ ಇಲಿಗಳಿಗೆ ಮುಂಬಯಿಯ ಬಡವರ ಊಟವನ್ನೇ ಹಾಕಿ ನೋಡಿದರು. ಬಸುರಿ ಇಲಿಗಳಿಗೆ ರಕ್ತಹೀನತೆ ಬಂತು, ಯೀಸ್ಟ್ ಕೊಟ್ಟರೆ ತಪ್ಪಿತು. ಆದರೆ ಹೇನಿನಿಂದ ಹರಡುವ ಒಂದು ಸೋಂಕೂ ಆ ಇಲಿಗಳಲ್ಲಿ ಸೇರಿಕೊಂಡಿತ್ತು ಎಂದು ಮುಂದೆ ತಿಳಿಯಿತು. ವಿಜ್ಞಾನದ ದಾರಿ ನೇರವಾಗಿರುವುದಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಅವರು ಎದೆಗುಂದದೆ ಕೋತಿಗಳತ್ತ ತಿರುಗಿದರು. ಅದೇ ಬಡ ಊಟ ತಿಂದು ಸೊರಗಿದ್ದ ಕೋತಿಯೊಂದು ಯೀಸ್ಟ್ ಸಾರ ಕೊಟ್ಟಮೇಲೆ ಚೇತರಿಸಿಕೊಂಡಿತು.

ಆ ಯೀಸ್ಟ್ ಸಾರವೇ ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ, ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಳ್ಳುವ, ಕಪ್ಪು ಲೇಹದಂಥ ಅಗ್ಗದ ಪದಾರ್ಥ. ಲೂಸಿ ವಿಲ್ಸ್ ಅದನ್ನು ಗರ್ಭಿಣಿಯರಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಹಸಿವು ಮರಳಿತು, ರಕ್ತದಲ್ಲಿ ಹೊಸ ಕಣಗಳು ಕಾಣಿಸಿಕೊಂಡವು, ಸಾವಿನ ಹೊಸ್ತಿಲಲ್ಲಿದ್ದವರು ಎದ್ದು ಕುಳಿತರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಇದೇ ತರಹ ದೊಡ್ಡ ಕಣಗಳ ರಕ್ತಹೀನತೆ ಪಾಶ್ಚಾತ್ಯ ದೇಶಗಳಲ್ಲಿಯೂ ಇತ್ತು. ಅದು ಪ್ರಾಣಿಯ ಪಿತ್ತಜನಕಾಂಗ ತಿನ್ನಿಸಿದರೆ ವಾಸಿಯಾಗುತ್ತದೆಂದು 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ತೋರಿಸಿಕೊಟ್ಟಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಆ ರೋಗಿಗಳನ್ನು ಗುಣಪಡಿಸುತ್ತಿದ್ದ, ಚೆನ್ನಾಗಿ ಶುದ್ಧೀಕರಿಸಿದ ಸಾರ ಮುಂಬಯಿಯ ಹೆಂಗಸರಿಗೆ ನಾಟಲಿಲ್ಲ. ಶುದ್ಧೀಕರಿಸದ ಸಾರ ನಾಟಿತು, ಮಾರ್ಮೈಟ್ ನಾಟಿತು. ಅಂದರೆ ಶುದ್ಧೀಕರಿಸುವಾಗ ಕಳೆದುಹೋಗುವ ಬೇರೆಯದೇ ಒಂದು ವಸ್ತು ಇದೆ ಎಂದಾಯಿತು. ಅದಕ್ಕೆ ವಿಲ್ಸ್ ಅಂಶ ಎಂದೇ ಹೆಸರು ಬಿತ್ತು.

1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದನ್ನು ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮವರಂನವರಾದ ಯಲ್ಲಾಪ್ರಗಡ ಸುಬ್ಬರಾವ್. ಪಿತ್ತಜನಕಾಂಗದ ಶುದ್ಧ ಸಾರದಲ್ಲಿದ್ದ ಮತ್ತೊಂದು ವಸ್ತು ಬಿ12 ಜೀವಸತ್ವವೆಂದು ತಿಳಿದದ್ದು 1948ರಲ್ಲಿ. ಹೀಗೆ ಪರೇಲಿನ ಬಡ ಹೆಂಗಸರ ತಟ್ಟೆಯಿಂದ ಶುರುವಾದ ಪ್ರಶ್ನೆಗೆ ಪೂರ್ಣ ಉತ್ತರ ಸಿಗಲು ಇಪ್ಪತ್ತು ವರ್ಷ ಹಿಡಿಯಿತು.

ಬಹ್ರೈನಿನ ಮೇಲೆ ಹಾದುಹೋದ ಪಯಣ

1933ರವರೆಗೆ ಭಾರತದ ಕೆಲಸ ನಡೆಸಿ ಲಂಡನ್ನಿಗೆ ಮರಳಿದ ಲೂಸಿ ವಿಲ್ಸ್, 1937ರ ಅಕ್ಟೋಬರಿನಲ್ಲಿ ಮತ್ತೆ ಮುಂಬಯಿಗೆ ಹೊರಟರು. ಈ ಸಲ ಹಡಗಿನಲ್ಲಲ್ಲ, ನೀರಿನ ಮೇಲೆ ಇಳಿಯುವ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ. ಸೌತಾಂಪ್ಟನ್ನಿನಿಂದ ಕರಾಚಿಗೆ ಐದು ದಿನಗಳ ಪಯಣ. ದಾರಿಯ ತಂಗುದಾಣಗಳಲ್ಲಿ ಬಸ್ರಾ, ದುಬೈಗಳ ಜೊತೆಗೆ ನಮ್ಮ ಬಹ್ರೈನೂ ಒಂದು. ಇಲ್ಲಿ ಎಣ್ಣೆ ಸಿಕ್ಕು ಆಗಿನ್ನೂ ಐದು ವರ್ಷ. ಈಗ ನಾಲ್ಕು ತಾಸಿನಲ್ಲಿ ಮಂಗಳೂರು ಮುಟ್ಟುವ ನಮಗೆ ಆ ಪಯಣದ ಕಷ್ಟ ಊಹಿಸುವುದೂ ಕಷ್ಟ. ಸಿತ್ರಾ ಸೇತುವೆಯ ಮೇಲೆ ಸಂಜೆ ಹೊತ್ತು ಹೋಗುವಾಗ, ಎಡಬಲದ ನೀರನ್ನು ಕಂಡು ನಮಗೆ ಎಷ್ಟೋ ಸಲ ಈ ವಿಷಯ ನೆನಪಾಗಿದೆ.

ಎರಡನೆಯ ಮಹಾಯುದ್ಧದಲ್ಲಿ ಅವರು ಲಂಡನ್ನಿನಲ್ಲೇ ಇದ್ದು ಕೆಲಸ ಮಾಡಿದರು. 1944ರಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಮೇಲೆ ಜರ್ಮನರ ಹಾರುಬಾಂಬು ಬಿದ್ದು ಅವರ ವಿಭಾಗದ ಕೆಲಸ ಅಸ್ತವ್ಯಸ್ತವಾಯಿತು. ಆ ಯುದ್ಧಕಾಲದಲ್ಲೇ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ನಿಜಕ್ಕೂ ಉಪಯೋಗವೇ ಎಂದು ತಿಳಿಯಲು, ಕೆಲವರಿಗೆ ಅಸಲಿ ಮಾತ್ರೆ, ಕೆಲವರಿಗೆ ನೋಡಲು ಅದರಂತೆಯೇ ಇರುವ ಸಪ್ಪೆ ಮಾತ್ರೆ ಕೊಟ್ಟು ಹೋಲಿಸಿ ನೋಡಿದರು. ಇಂಥ ಪರೀಕ್ಷೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು.

1947ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಜಮೈಕ, ಫಿಜಿ, ದಕ್ಷಿಣ ಆಫ್ರಿಕಗಳಿಗೆ ಹೋಗಿ ಪೋಷಣೆ ಮತ್ತು ರಕ್ತಹೀನತೆಯ ಅಧ್ಯಯನ ಮುಂದುವರಿಸಿದರು. ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದಿಂದ ಪುರಸಭೆಯ ಸದಸ್ಯರೂ ಆಗಿದ್ದರು. ದೊಡ್ಡ ವೈದ್ಯರು ಕಾರಿನಲ್ಲಿ ಓಡಾಡುವಾಗ ಇವರು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಬರುತ್ತಿದ್ದರಂತೆ. 1964ರ ಏಪ್ರಿಲ್ 16ರಂದು ತೀರಿಕೊಂಡರು. 2019ರ ಅವರ ಹುಟ್ಟುಹಬ್ಬದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗಲೇ ಅನೇಕರಿಗೆ ಈ ಹೆಸರು ತಿಳಿದದ್ದು.

ನಾವು ಕೇಳದೆ ಹೋದ ಪ್ರಶ್ನೆ

ಈಗ ನಮ್ಮದೇ ತಪ್ಪೊಪ್ಪಿಗೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾವು ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೆವು. ಕಟ್ಟಡದ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಐದು ತಿಂಗಳ ಬಸುರಿಯಾಗಿ ಬಂದಳು. ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಕೆಂಪೇ ಇಲ್ಲ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಟ್ಟೆವು. ಒಂದೂವರೆ ತಿಂಗಳಾದ ಮೇಲೆ ನೋಡಿದರೆ ಹಿಮೋಗ್ಲೋಬಿನ್ ಇದ್ದಲ್ಲೇ ಇದೆ. ಮಾತ್ರೆಯನ್ನು ನುಂಗದೆ ಎಸೆದಿದ್ದಾಳೆಂದು ನಾವೇ ತೀರ್ಮಾನಿಸಿ, ಹತ್ತು ಜನರೆದುರು ಗದರಿದೆವು. ಅವಳು ತಲೆ ತಗ್ಗಿಸಿ ಹೋದಳು. 33ನೇ ವಾರದಲ್ಲಿ ನೋವೆದ್ದು ಬಂದಾಗ ಹೆರಿಗೆ ತಡೆಯಲಾಗಲಿಲ್ಲ. ಕೂಸು ನಾಲ್ಕು ದಿನ ಬದುಕಿತ್ತು.

ನಮ್ಮ ಹಿರಿಯರೊಬ್ಬರು ಅವಳ ರಕ್ತದ ಗಾಜನ್ನು ತರಿಸಿ ನೋಡಿದರು. ಕಣಗಳು ದೊಡ್ಡವು. ಅವಳಿಗೆ ಇದ್ದದ್ದು ಬಿ12ರ ಕೊರತೆ. ಆ ಮಾತ್ರೆಯಲ್ಲಿ ಬಿ12 ಇರುವುದಿಲ್ಲ. ಅವಳು ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ದಿನವೂ ಏನು ಊಟ ಮಾಡುತ್ತೀಯಮ್ಮ ಎಂದು ಹಿರಿಯರು ಕೇಳಿದಾಗ ತಿಳಿದದ್ದು ಬೆಳ್ಳಗಿನ ಅನ್ನ, ನೀರು ಸಾರು, ಉಪ್ಪಿನಕಾಯಿ. ಹಾಲು, ಮೊಸರು, ಮೊಟ್ಟೆ ಏನೂ ಇಲ್ಲ. ಆ ಕೊರತೆಯೊಂದರಿಂದಲೇ ಕೂಸು ಬೇಗ ಹುಟ್ಟಿತೆಂದು ನಾವು ಹೇಳಲಾರೆವು, ದಿನ ತುಂಬದ ಹೆರಿಗೆಗೆ ಕಾರಣಗಳು ಹಲವು. ಆದರೆ 1929ರಲ್ಲಿ ಲೂಸಿ ವಿಲ್ಸ್ ಕೇಳಿದ್ದ ಪ್ರಶ್ನೆಯನ್ನು ನಾವು ಕೇಳಲಿಲ್ಲ ಎಂಬುದಂತೂ ನಿಜ. ಪರೀಕ್ಷೆಗೆ ಬರುವುದಿಲ್ಲವೆಂದು ತಿರುವಿಹಾಕಿದ್ದ ಆ ಸಾಲನ್ನು ಆ ರಾತ್ರಿ ಮತ್ತೆ ತೆರೆದು ಓದಿದೆವು.

ರಕ್ತ ಹೇಳುವುದೇನು, ಹೇಳದಿರುವುದೇನು

37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ದಿನ ತುಂಬದ ಹೆರಿಗೆ ಎನ್ನುತ್ತೇವೆ. 2020ರಲ್ಲಿ ಪ್ರಪಂಚದಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ, ಅಂದರೆ ಹತ್ತರಲ್ಲಿ ಒಂದು. ಅವರಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ. ನಮ್ಮ ದೇಶದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು.

ತಾಯಿಯ ರಕ್ತದಲ್ಲಿ ಇದರ ಮುನ್ಸೂಚನೆ ಸಿಗುತ್ತದೆಯೆ? ಸ್ವಲ್ಪಮಟ್ಟಿಗೆ ಸಿಗುತ್ತದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಸುರಿನ ಆರಂಭದಿಂದಲೇ ಅದು ಇದ್ದವರಲ್ಲಿ ದಿನ ತುಂಬದ ಹೆರಿಗೆ ಹೆಚ್ಚು. ಹಾಗೆಂದು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದೆಂದೂ ಅಲ್ಲ. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚಿ ರಕ್ತ ತುಸು ತೆಳುವಾಗುವುದು ಪ್ರಕೃತಿಯ ನಿಯಮ. ಹಾಗೆ ತೆಳುವಾಗದೆ 13 ಗ್ರಾಂಗಿಂತ ಮೇಲೆಯೇ ನಿಂತವರಲ್ಲೂ ತೊಂದರೆಗಳು ಕಂಡಿವೆ. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಪರೀಕ್ಷೆಯೂ ಹೀಗೆಯೇ. ಕಡಿಮೆಯಿದ್ದರೆ ಕೊರತೆ ಖಂಡಿತ, ಆದರೆ ಒಳಗೆ ಎಲ್ಲಿಯಾದರೂ ಸೋಂಕಿದ್ದರೆ ಅದು ಸುಳ್ಳುಸುಳ್ಳಾಗಿ ಏರಿರುತ್ತದೆ. ಬಿ12 ವಿಷಯದಲ್ಲಿ, ಹಲವು ದೇಶಗಳ 11,000ಕ್ಕೂ ಹೆಚ್ಚು ಗರ್ಭಿಣಿಯರ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕೊರತೆಯಿದ್ದವರಿಗೆ ದಿನ ತುಂಬದ ಹೆರಿಗೆಯ ಸಂಭವ ಸುಮಾರು ಐದನೇ ಒಂದು ಪಾಲು ಹೆಚ್ಚಿತ್ತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿ12 ಕಡಿಮೆಯಿದ್ದ ತಾಯಂದಿರಲ್ಲಿ ಕೂಸು ಗರ್ಭದಲ್ಲೇ ಸೊರಗುವುದು ಹೆಚ್ಚಾಗಿ ಕಂಡಿತ್ತು.

ಇವು ಸಂಬಂಧಗಳೇ ಹೊರತು ಮಾತ್ರೆ ನುಂಗಿದವರಿಗೆಲ್ಲ ದಿನ ತುಂಬಿಯೇ ಹೆರಿಗೆಯಾಗುತ್ತದೆಂಬ ಭರವಸೆಯಲ್ಲ. ಆದರೂ ಪರೀಕ್ಷೆಗೆ ಖರ್ಚು ಕಡಿಮೆ, ಚಿಕಿತ್ಸೆಯೂ ಸುಲಭ. ಫೋಲಿಕ್ ಆಮ್ಲವನ್ನು ಬಸುರಿಗೆ ಮುಂಚಿನಿಂದಲೇ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳು ಬಹುಪಾಲು ತಪ್ಪುತ್ತವೆಂಬುದು 1991ರಲ್ಲೇ ಸಿದ್ಧವಾದ ವಿಷಯ. ಬಹ್ರೈನ್ ಸರ್ಕಾರ 2001ರಿಂದ ಗೋಧಿ ಹಿಟ್ಟಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿಸುವ ಕಾರ್ಯಕ್ರಮ ಆರಂಭಿಸಿತು. ನಾವು ತಿನ್ನುವ ಖುಬ್ಬೂಸಿನಲ್ಲೂ ಲೂಸಿ ವಿಲ್ಸ್ ಅವರ ಪಾಲಿದೆಯೆಂದರೆ ತಪ್ಪಾಗದು.

ಸಿತ್ರಾದ ಅಕ್ಕತಂಗಿಯರಲ್ಲಿ ಒಂದು ವಿನಂತಿ

ಇಲ್ಲಿನ ನಮ್ಮ ಹೆಣ್ಣುಮಕ್ಕಳಲ್ಲಿ ನಾವು ಕಂಡ ಒಂದು ರೂಢಿ ಇದೆ. ಏಳನೇ ತಿಂಗಳಿಗೆ ಸೀಮಂತಕ್ಕೆಂದು ಊರಿಗೆ ಹೋಗುತ್ತೇವೆ, ರಕ್ತಪರೀಕ್ಷೆ ಅಲ್ಲೇ ಮಾಡಿಸಿದರಾಯಿತು ಎಂದು ಕಾಯುವುದು. ದೀನಾರು ಉಳಿಸುವ ಆಲೋಚನೆ ನಮಗೆ ಅರ್ಥವಾಗುತ್ತದೆ. ಆದರೆ ಕೊರತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು, ಏಳನೇ ತಿಂಗಳಿಗೆ ಹೊತ್ತು ಮೀರಿರುತ್ತದೆ. ಮುಟ್ಟು ನಿಂತದ್ದು ತಿಳಿದ ಕೂಡಲೇ ಒಂದು ಸಂಪೂರ್ಣ ರಕ್ತಪರೀಕ್ಷೆ ಮಾಡಿಸಿ. ಕಣದ ಗಾತ್ರ ಎಷ್ಟಿದೆ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ಸಣ್ಣದಾಗಿದ್ದರೆ ಕಬ್ಬಿಣದ ಕೊರತೆ ಅಥವಾ ಥಲಸೀಮಿಯದ ಅಂಶ, ದೊಡ್ಡದಾಗಿದ್ದರೆ ಫೋಲಿಕ್ ಆಮ್ಲ ಅಥವಾ ಬಿ12ರ ಕೊರತೆ ಇರಬಹುದು. ಎರಡೂ ಬಗೆಯ ಕೊರತೆ ಕೂಡಿದ್ದರೆ ಗಾತ್ರ ಸರಿಯಾಗಿಯೇ ಕಂಡು ಮೋಸ ಮಾಡುವುದೂ ಉಂಟು.

ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನಬೇಕೆನ್ನಿಸಿದರೆ ಅದನ್ನು ಬರೀ ಬಸುರಿ ಬಯಕೆ ಎಂದು ನಕ್ಕು ಬಿಡಬೇಡಿ, ಅನೇಕ ಸಲ ಅದು ಕಬ್ಬಿಣದ ಕೊರತೆಯ ಕೂಗು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದೆರಡು ತಾಸು ಬಿಟ್ಟು ಕುಡಿಯಿರಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಫೋಲಿಕ್ ಆಮ್ಲವೂ ಚರಂಡಿಗೆ ಹೋಗುತ್ತದೆ. ಸೊಪ್ಪು ಬಸಿದ ನೀರನ್ನೇ ಸಾರು ಮಾಡುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಬಲು ಜಾಣ ಅಡುಗೆ. ಇಲ್ಲಿ ಅಗ್ಗವಾಗಿ ಸಿಗುವ ಜರ್ಜೀರ್ ಸೊಪ್ಪು, ಮೀನು, ಮೊಟ್ಟೆ, ಬೇಳೆ ಎಲ್ಲವೂ ಒಳ್ಳೆಯವೇ. ಶುದ್ಧ ಸಸ್ಯಾಹಾರಿಗಳು ಹಾಲು ಮೊಸರು ಬಿಡಬಾರದು, ಬಿ12 ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಗಂಡಂದಿರಿಗೂ ಒಂದು ಮಾತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವಳು ಯಾರು ಎಂದು ಒಮ್ಮೆ ನೋಡಿ. ಇಂದು ರಾತ್ರಿ ಅವಳ ತಟ್ಟೆಯಲ್ಲಿ ಏನಿದೆ ಎಂದು ಕೇಳಿ. ಸಾಗರ ದಾಟಿ ಬಂದ ಪರದೇಶದ ಹೆಣ್ಣುಮಗಳೊಬ್ಬಳು ನಮ್ಮ ಬಡ ತಾಯಂದಿರನ್ನು ಕೇಳಿದ ಪ್ರಶ್ನೆಯದು. ನಮ್ಮ ಮನೆಯವರನ್ನು ನಾವೇ ಕೇಳದಿದ್ದರೆ ಹೇಗೆ?

ನಮ್ಮ ಸಂಘ ಇನ್ನೂ ಅನೇಕ ಸಂಸ್ಥಾಪನಾ ದಿನಗಳನ್ನು ಕಾಣಲಿ, ಆ ದಿನಗಳಂದು ವೇದಿಕೆ ಹತ್ತಿ ಕುಣಿಯುವ ಕನ್ನಡದ ಕಂದಮ್ಮಗಳೆಲ್ಲ ದಿನ ತುಂಬಿ, ಮೈತುಂಬಿ ಹುಟ್ಟಿದವರಾಗಲಿ ಎಂದು ಹಾರೈಸುತ್ತೇವೆ.